ಅಣ್ಣ ಅನುಷ್ಠಾನಕ್ಕೆ ಕುಳಿತಿರಲಿಲ್ಲ

ಖಣ ಮಡಚುವುದನ್ನು ನನಗೆ ಕಲಿಸಿದವನು ನಮ್ಮ ಅಣ್ಣ ಈರಣ್ಣ. ಅಂಚು ಮೇಲೆ ಬರಬೇಕು, ಒಳಗಿನ ಹೂವು ಅರ್ಧ ಕಾಣಬೇಕು, ಕೊನೆಯ ತುದಿಯನ್ನು ಒಳಗೆ ಸಿಕ್ಕಿಸಿದರೆ ಮೂರು ಮೂಲೆಯಾಗಿ ತಾನೇ ನಿಲ್ಲಬೇಕು. ಮುತ್ತೈದೆಯರ ಉಡಿ ತುಂಬುವಾಗ ಅಕ್ಕಿ, ತೆಂಗಿನಕಾಯಿಯ ಜೊತೆ ಇಡುವುದು ಹೀಗೆ ಮಡಚಿದ ಕುಪ್ಪಸದ ಬಟ್ಟೆಯನ್ನೇ. ನಾನು ಒಂದು ಮಡಚುವಷ್ಟರಲ್ಲಿ ಅವನು ಐದು ಮಡಚುತ್ತಿದ್ದ, ಅದೂ ಗಿರಾಕಿಯ ಜೊತೆ ಮಾತಾಡುತ್ತ, ಕೈಯ ಕಡೆ ನೋಡದೆ.

ಅವನು ಈಗಲೂ ಮಡಚುತ್ತಾನೆ. ನಡುವೆ ಕೆಲವು ವರ್ಷ ಮಡಚಲಿಲ್ಲ. ಅವುಗಳಲ್ಲಿ ಮೂರು ವರ್ಷ ಅವನ ಬೇನೆ ಕಸಿದುಕೊಂಡದ್ದಲ್ಲ, ನಾನು ಕಸಿದುಕೊಂಡದ್ದು. ಅದನ್ನು ಹೇಳಬೇಕೆಂದೇ ಬರೆಯಲು ಕುಳಿತಿದ್ದೇನೆ. ನಾನು ಊರಿನ ಶಾಲೆಯಲ್ಲಿ ಕನ್ನಡ ಮೂರನೆಯ ಇಯತ್ತೆಯವರೆಗೆ ಓದಿದವಳು. ನಮ್ಮ ಮನೆಯವರು ಕಾಗುಣಿತ ತಿದ್ದಿಕೊಟ್ಟಿದ್ದಾರೆ, ಮಾತು ತಿದ್ದಿಲ್ಲ.

ನಮ್ಮದು ಗುಳೇದಗುಡ್ಡ. ಅಲ್ಲಿ ಮನೆಮನೆಗೂ ಮಗ್ಗ. ಬೆಳಿಗ್ಗೆ ಕಣ್ಣು ಬಿಡುವುದು ಮಗ್ಗದ ಸದ್ದಿಗೆ, ಮಧ್ಯಾಹ್ನ ಜೋಂಪು ಹತ್ತುವುದೂ ಅದೇ ಸದ್ದಿಗೆ. ನನಗೆ ಹತ್ತು ವರ್ಷ, ಅಣ್ಣನಿಗೆ ಹದಿನಾಲ್ಕು ಇರುವಾಗ ಅಪ್ಪ ಪುಣೆಯ ರವಿವಾರ ಪೇಠೆಯಲ್ಲಿ ಖಣದ ಅಂಗಡಿ ಹಾಕಿದ. ಅಂಗಡಿಯ ಹಿಂದೆಯೇ ಒಂದು ವಾಡೆ. ನಡುವೆ ಕಲ್ಲುಹಾಸಿನ ಅಂಗಳ, ಅಂಗಳಕ್ಕೆ ಒಂದೇ ನಳ, ಸುತ್ತ ಒಂಬತ್ತು ಮನೆ. ಅದರಲ್ಲಿ ಒಂದು ನಮ್ಮದು, ಎರಡು ಕೋಣೆ, ಮೇಲೊಂದು ಅಟ್ಟ.

ಆ ದಿನಗಳ ಪುಣೆಯನ್ನು ನೆನೆದರೆ ಈಗಲೂ ನನಗೆ ಪೇರಲಹಣ್ಣಿನ ವಾಸನೆ ಬರುತ್ತದೆ. ಕೋಥರೂಡ ಎಂಬ ಹಳ್ಳಿಯಿಂದ ಹೆಂಗಸರು ಬುಟ್ಟಿ ಹೊತ್ತು ನಡೆದುಬರುತ್ತಿದ್ದರು. ಅಣ್ಣ ಅವರ ಬುಟ್ಟಿ ಇಳಿಸಿಕೊಟ್ಟು, ಆ ಕೆಲಸಕ್ಕೆ ಒಂದು ಹಣ್ಣು ಕೇಳಿ ಪಡೆದು, ಅರ್ಧ ನನಗೆ ಕೊಡುತ್ತಿದ್ದ. ಗಣಪತಿಯ ಹತ್ತು ದಿನ ನನ್ನ ಕೈ ಹಿಡಿದು ಪೇಠೆ ಪೇಠೆ ತಿರುಗಿಸುತ್ತಿದ್ದ. ಅಂಗಡಿಯಲ್ಲಂತೂ ಅವನು ಇದ್ದರೆ ಹೆಂಗಸರು ಕೊಳ್ಳದಿದ್ದರೂ ಸ್ವಲ್ಪ ಹೊತ್ತು ನಿಂತು ನಗುತ್ತಿದ್ದರು. "ಬಣ್ಣ ಹೋಗತದೇನೋ?" ಎಂದು ಯಾರಾದರೂ ಮರಾಠಿಯಲ್ಲಿ ಕೇಳಿದರೆ, ಅವನೂ ಮರಾಠಿಯಲ್ಲೇ, "ನೀವು ಒಯ್ದ್ರ ಅಂಗಡಿಯಿಂದ ಹೋಗತದ್ರಿ, ಖಣದಿಂದ ಹೋಗೂದಿಲ್ಲ" ಎನ್ನುತ್ತಿದ್ದ.

ಅವನಿಗೆ ಇಪ್ಪತ್ತು ತುಂಬಿದ ವರ್ಷ. ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅವನು ಮಡಚುತ್ತಿದ್ದವನು ಕೈ ನಿಲ್ಲಿಸಿ ತಲೆ ಓರೆ ಮಾಡಿದ.

"ಗಂಗೂ, ಮಗ್ಗದ ಸದ್ದು ಕೇಳಸ್ತದೇನು ನಿನಗ?"

ಪುಣೆಯ ಆ ಪೇಠೆಯಲ್ಲಿ ಮಗ್ಗ ಎಲ್ಲಿಂದ ಬರಬೇಕು? ಊರು ನೆನಪಾಗಿರಬೇಕು, ಇಲ್ಲ ಎಂದರೆ ಬೇಸರಪಟ್ಟಾನು ಎಂದುಕೊಂಡು, "ಹೂಂ, ಕೇಳಸ್ತದ" ಎಂದೆ.

"ಹಂಗಾರ ಖರೇನ ಅದ" ಎಂದು ಅವನು ದೊಡ್ಡ ಉಸಿರು ಬಿಟ್ಟ.

ಅದು ನನ್ನ ಮೊದಲನೆಯ ಸುಳ್ಳು. ಪ್ರೀತಿಯಿಂದ ಹೇಳಿದ್ದು. ಆಮೇಲಿನವು ಪ್ರೀತಿಯಿಂದ ಹೇಳಿದವಲ್ಲ.

ಮಗ್ಗದ ಸದ್ದಿನೊಳಗೆ ಅವನಿಗೆ ಮಾತು ಕೇಳತೊಡಗಿತು. ಮಾತಿಗೆ ಅವನು ಉತ್ತರ ಕೊಡತೊಡಗಿದ. ಮಡಚಿಟ್ಟ ಖಣಗಳನ್ನೆಲ್ಲ ಬಿಚ್ಚಿ, ಒಳಗೆ ಏನು ನೇಯ್ದಿದ್ದಾರೆ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದ. ಊಟದ ತಾಟಿನ ಮುಂದೆ ಕುಳಿತು ಎದ್ದುಹೋಗುತ್ತಿದ್ದ. ಅವ್ವ ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಅಪ್ಪ, "ಹರೇದ ಹುಡುಗ, ಮದುವಿ ಮಾಡಿದ್ರ ಎಲ್ಲಾ ಸರಿ ಹೋಗತದ. ಮೊದಲ ಗಂಗೂಂದು ಆಗಲಿ" ಎಂದ. ಆ ಒಂದು ಶಬ್ದವನ್ನು ಮನೆಯಲ್ಲಿ ಯಾರೂ ಆಡಲಿಲ್ಲ. ಆಡದಿದ್ದರೆ ಅದು ಇರುವುದಿಲ್ಲ ಎನ್ನುವಂತೆ ಇದ್ದೆವು.

ಹುಚ್ಚರ ಆಸ್ಪತ್ರೆ ಪುಣೆಯಲ್ಲಿ ನದಿಯ ಆಚೆ ದಂಡೆಗಿತ್ತು. ಅದರ ಹೆಸರನ್ನೂ ಯಾರೂ ಹೇಳುತ್ತಿರಲಿಲ್ಲ, "ನದಿ ಆಚೆ" ಎಂದರೆ ಸಾಕಾಗಿತ್ತು. ಯಾರಾದರೂ ಲಂಗುಲಗಾಮಿಲ್ಲದೆ ಮಾತಾಡಿದರೆ "ಇವನ್ನ ನದಿ ದಾಟಸ್ಬೇಕು" ಎಂದು ಚೇಷ್ಟೆ ಮಾಡುವುದಿತ್ತು. ಅಣ್ಣನೇ ಎಷ್ಟು ಸಲ ಹಾಗೆ ಚೇಷ್ಟೆ ಮಾಡಿದ್ದ.

ಸೊಲ್ಲಾಪುರದಿಂದ ನನ್ನನ್ನು ನೋಡಲು ಬರುವವರಿದ್ದರು. ಒಳ್ಳೆಯ ಮನೆತನ, ಹುಡುಗ ಇಂಗ್ಲಿಷ್ ಕಲಿತವನು. ಅವರು ಬರಲು ಹದಿನೈದು ದಿನ ಇದ್ದಾಗ ಒಂದು ಬೆಳಿಗ್ಗೆ ನಾನು ನಳದ ಹತ್ತಿರ ಕೊಡ ಹಚ್ಚಿ ನಿಂತಿದ್ದೆ. ಅಣ್ಣ ನಮ್ಮ ಬಾಗಿಲಲ್ಲಿ ಕುಳಿತು ಗೋಡೆಯೊಡನೆ ಮಾತಾಡುತ್ತಿದ್ದ. ವಾಡೆಯ ಮಾಲೀಕರ ಹೆಂಡತಿ, ನಾವು ಕಾಕೂ ಎಂದು ಕರೆಯುತ್ತಿದ್ದವರು, ಕೊಡ ಕೆಳಗಿಟ್ಟು ಅವನನ್ನೇ ನೋಡಿದರು.

"ಗಂಗೂ, ತೋ ಕೋಣಾಶೀ ಬೋಲತೋಯ ಗ?" ಯಾರೊಡನೆ ಮಾತಾಡುತ್ತಿದ್ದಾನೆ ಅವನು?

ನೀರಿಗೆ ಬಂದಿದ್ದ ಏಳೆಂಟು ಹೆಂಗಸರು ನನ್ನ ಕಡೆ ತಿರುಗಿದರು. ಅವರ ಬಾಯಿಂದ ಸೊಲ್ಲಾಪುರ ದೂರವಿರಲಿಲ್ಲ. ನಮ್ಮ ಕಡೆ ಸ್ವಾಮಿಗಳು ಜನರ ಸಂಗ ಬಿಟ್ಟು ಜಪಕ್ಕೆ ಕುಳಿತುಕೊಳ್ಳುವುದಕ್ಕೆ ಅನುಷ್ಠಾನ ಎನ್ನುತ್ತಾರೆ. ಹಾಗೆ ಕುಳಿತವರನ್ನು ಯಾರೂ ಯಾಕೆ ಎಂದು ಕೇಳುವುದಿಲ್ಲ. ಅವರು ತುಟಿ ಅಲುಗಿಸಿದರೆ ಮಂತ್ರ, ಊಟ ಬಿಟ್ಟರೆ ವ್ರತ. ನನ್ನ ಬಾಯಿಂದ ಮರಾಠಿಯಲ್ಲಿ ಅದೇ ಬಂತು.

"ನಮ್ಮಣ್ಣ ಅನುಷ್ಠಾನಕ್ಕ ಕುಂತಾನ್ರಿ, ಕಾಕೂ. ಜಪ ಮಾಡಾಕತ್ತಾನ."

ಕಾಕೂ ಎರಡೂ ಕೈ ಜೋಡಿಸಿದರು. ಒಳಗೆ ಬಂದು ಅವ್ವನಿಗೆ ಹೇಳಿದೆ. ಬೈಯಬಹುದು ಅಂದುಕೊಂಡಿದ್ದೆ. ಅವ್ವ ನನ್ನ ತಲೆ ಸವರಿ, "ಜಾಣಿ ನನ್ನ ಮಗಳು" ಎಂದಳು. ತಿಂಗಳಿಂದ ಅವಳು ನಕ್ಕದ್ದು ಅಂದೇ.

ಆಮೇಲೆ ಆದದ್ದನ್ನು ನೆನೆದರೆ ನಗು ಬರುತ್ತದೆ. ವಾಡೆಯ ಒಬ್ಬ ಸೊಸೆಯ ಮೂಗಿನ ನತ್ತು ಕಳೆದಿತ್ತು. ಅವಳು ಅಣ್ಣನ ಮುಂದೆ ತೆಂಗಿನಕಾಯಿ ಇಟ್ಟು ಕುಳಿತಳು. ಏಳು ಎಂದರೂ ಏಳಲಿಲ್ಲ. ಅಣ್ಣ ಬೇಸತ್ತು, "ನನ್ನ ಯಾಕ ಕಾಡತೀರಿ? ಹೋಗ್ರಿ, ನಿಮ್ಮನಿಯಾಗ ನೋಡಕೋರಿ" ಎಂದು ಗದರಿದ. ಅವಳು ಹೋಗಿ ತನ್ನ ಮನೆಯಲ್ಲಿ ನೋಡಿದಳು. ನತ್ತು ಹಿಟ್ಟಿನ ಡಬ್ಬಿಯಲ್ಲಿತ್ತು. ಮರುದಿನದಿಂದ ನಮ್ಮ ಬಾಗಿಲಿಗೆ ಬೇರೆ ಪೇಠೆಯವರೂ ಬರತೊಡಗಿದರು.

ಅಣ್ಣನಿಗೆ ತನ್ನ ಪಾಡು ತಿಳಿದಿತ್ತು. ಇದನ್ನು ನಾನು ಒತ್ತಿ ಹೇಳಬೇಕು, ಏಕೆಂದರೆ ಇಂಥವರಿಗೆ ಏನೂ ತಿಳಿಯುವುದಿಲ್ಲ ಎಂದು ಜನ ಅಂದುಕೊಂಡಿದ್ದಾರೆ. ಆ ವಾರವೇ ಒಂದು ಮಧ್ಯಾಹ್ನ ಅವನು ನನ್ನನ್ನು ಅಟ್ಟಕ್ಕೆ ಕರೆದ. ಸ್ನಾನ ಮಾಡಿ, ತೊಳೆದ ಅಂಗಿ ತೊಟ್ಟಿದ್ದ. ಕೈಯಲ್ಲಿ ಒಂದು ಚೀಟಿ.

"ಗಂಗೂ, ನಾ ಅನುಷ್ಠಾನ ಮಾಡಾಕತ್ತಿಲ್ಲ. ನಿನಗ ಗೊತ್ತದ."

ಯಾರಾದರೂ ಕೇಳಿಸಿಕೊಂಡಾರೆಂದು ನಾನು ಅಟ್ಟದ ಬಾಗಿಲು ಎಳೆದುಕೊಂಡೆ.

"ದಂಡಿನ ಕ್ಯಾಂಪಿನಾಗ ಒಬ್ಬ ಮುದುಕ ಡಾಕ್ಟರ್ ಕಡೆ ಹೋಗಿದ್ದೆ. ಎಲ್ಲಾ ಹೇಳಿದೆ. ಅಂವ ನಗಲಿಲ್ಲ. ನದಿ ಆಚಿ ಆಸ್ಪತ್ರಿಗೆ ಈ ಚೀಟಿ ಬರದು ಕೊಟ್ಟ. ಮನಿಯವರು ಯಾರರ ಸಂಗಾಟ ಬರಬೇಕಂತ."

"ಅಣ್ಣ, ಅಲ್ಲಿ ಹೋದವರು..."

"ಒಬ್ಬನ ಹೋಗಿ ನೋಡಿದೆ. ಅರ್ಧಾ ಸೇತುವಿ ತನಕ ಹೋದೆ. ಮುಂದ ಕಾಲ ಬರಲಿಲ್ಲ. ಎಲ್ಲಾರೂ ನನ್ನ ನೋಡಿ ನಗಾಕತ್ತಾರ ಅನಸ್ತು. ಹೊಳ್ಳಿ ಬಂದೆ. ಯಾರರ ಕೈ ಹಿಡಕೊಂಡಿದ್ರ ದಾಟತಿದ್ದೆ ನೋಡು." ಚೀಟಿಯನ್ನು ನನ್ನ ಕೈಯಲ್ಲಿಟ್ಟ. "ಅಪ್ಪನ ಕೈಯಾಗ ನಾ ಕೊಟ್ರ ಹರದು ಒಗೀತಾನ. ನೀ ಹೇಳಿದ್ರ ಕೇಳತಾನ. ಹೇಳು."

ಚೀಟಿ ಇಂಗ್ಲಿಷಿನಲ್ಲಿತ್ತು. ನನಗೆ ಒಂದಕ್ಷರ ಬಾರದು. ನಾನು ಹೇಳಿದ್ದು ಇಷ್ಟೇ: "ಅವರು ಬಂದು ನೋಡಿ ಹೋಗಲಿ, ಅಣ್ಣ. ಆಮ್ಯಾಲ ಹೇಳತೀನಿ."

"ಆಮ್ಯಾಲ ಖಂಡಿತ?"

"ಖಂಡಿತ."

ಒಂದು ಖಣದ ನಡುವೆ ಚೀಟಿ ಇಟ್ಟು, ಅವನು ಕಲಿಸಿದ ಹಾಗೆಯೇ ಮೂರು ಮೂಲೆಯಾಗಿ ಮಡಚಿ, ನನ್ನ ಪೆಟ್ಟಿಗೆಯ ತಳದಲ್ಲಿ ಇಟ್ಟೆ.

ಸೊಲ್ಲಾಪುರದವರು ಬಂದರು. ನನ್ನನ್ನು ನೋಡುವ ಮೊದಲೇ ಹುಡುಗನ ತಾಯಿ ಕೇಳಿದರು, "ಅನುಷ್ಠಾನಕ್ಕ ಕುಂತ ಅಣ್ಣ ಎಲ್ಲಿ ಅದಾರ್ರಿ?" ಕಾಕೂ ಮಹಡಿಯ ಕಟ್ಟೆಯಿಂದಲೇ ಕೈ ತೋರಿಸಿದರು. ಆಕೆ ಹೋಗಿ ಅಣ್ಣನ ಪಾದಕ್ಕೆ ಹಣೆ ಹಚ್ಚಿದರು. ಅಣ್ಣ ಗಾಬರಿಯಾಗಿ ಕಾಲು ಎಳೆದುಕೊಂಡ. ಬಾಯಿ ತೆರೆದ. ಏನೋ ಹೇಳುವವನಿದ್ದ. ನಾನು ಅವಲಕ್ಕಿಯ ತಾಟು ಹಿಡಿದು ಎದುರಿಗೇ ನಿಂತಿದ್ದೆ. ಅವನು ನನ್ನ ಕಡೆ ನೋಡಿದ, ನಾನು ಅವನ ಕಡೆ ನೋಡಿದೆ. ಎಷ್ಟು ಹೊತ್ತೋ. ಅವನು ಬಾಯಿ ಮುಚ್ಚಿಕೊಂಡ.

"ಇಂಥಾ ಮನಿ ಹುಡುಗಿ ಸಿಗಬೇಕಂದ್ರ ಪುಣ್ಯಾ ಬೇಕ್ರಿ" ಎಂದರು ನನ್ನ ಅತ್ತೆಯಾಗುವವರು. ಮಾತು ಅಲ್ಲೇ ಮುಗಿಯಿತು. ನನ್ನ ಮುಖವನ್ನು ಅವರು ಸರಿಯಾಗಿ ನೋಡಿದರೋ ಇಲ್ಲವೋ.

ಅಣ್ಣ ನನಗಾಗಿ ಬಾಯಿ ಮುಚ್ಚಿಕೊಂಡ, ಎಂಥ ತ್ಯಾಗ ಎಂದು ನಾನು ಆ ದಿನ ಒಳಗೆ ಹೋಗಿ ಅತ್ತೆ. ಅದನ್ನೇ ನಂಬಿಕೊಂಡು ಎಷ್ಟೋ ವರ್ಷ ಕಳೆದೆ.

ನೋಡಿ ಹೋದ ಮೇಲೆ ನಿಶ್ಚಯವಾಗಲಿ ಎಂದೆ. ನಿಶ್ಚಯವಾದ ಮೇಲೆ ಮದುವೆಯಾಗಲಿ ಎಂದೆ. ಅಣ್ಣ ಎರಡು ಸಲ ಕೇಳಿದ, ಮೂರನೆಯ ಸಲ ಕೇಳಲಿಲ್ಲ. ಮದುವೆಯಾಗಿ ಪೆಟ್ಟಿಗೆಯೊಡನೆ ಸೊಲ್ಲಾಪುರಕ್ಕೆ ಹೋದೆ. ಚೀಟಿಯೂ ಬಂತು.

ಅಲ್ಲಿ ನನಗೆ ಏನೂ ಕಡಿಮೆ ಇರಲಿಲ್ಲ. ನಮ್ಮ ಮನೆಯವರು ಒಳ್ಳೆಯವರು, ಮಾತು ಕಡಿಮೆ, ಓದು ಹೆಚ್ಚು. ಅತ್ತೆ ಓಣಿಯಲ್ಲೆಲ್ಲ "ನಮ್ಮ ಸೊಸಿ ಅಣ್ಣ ಅನುಷ್ಠಾನಸ್ಥ" ಎಂದು ಹೇಳಿಕೊಂಡು ತಿರುಗುತ್ತಿದ್ದರು. ಪ್ರತಿ ಶ್ರಾವಣದಲ್ಲಿ ಪೆಟ್ಟಿಗೆ ಬಿಸಿಲಿಗೆ ಹಾಕುವಾಗ ಆ ಖಣ ಕೈಗೆ ಸಿಗುತ್ತಿತ್ತು. ಇಂಗ್ಲಿಷ್ ಓದುವ ಗಂಡ ಪಕ್ಕದ ಕೋಣೆಯಲ್ಲೇ ಇದ್ದರು. ನಾನು ಬಿಚ್ಚಲಿಲ್ಲ. ನನಗೆ ಓದಲು ಬಾರದು, ಅದರಲ್ಲಿ ಏನಿದೆಯೋ ಯಾರಿಗೆ ಗೊತ್ತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಓದು ಬಾರದ್ದಕ್ಕೆ ಜನ ನಾಚುತ್ತಾರೆ. ನಾನು ಅದರ ಹಿಂದೆ ಅಡಗಿ ಕುಳಿತೆ. ಪುಣೆಯಿಂದ ಅಪ್ಪನ ಕಾಗದ ಬರುತ್ತಿತ್ತು: ಈರಣ್ಣ ಅನುಷ್ಠಾನದಲ್ಲಿದ್ದಾನೆ, ಎಲ್ಲರೂ ಕ್ಷೇಮ.

ಮೂರನೆಯ ವರ್ಷ ಚೊಚ್ಚಲ ಬಾಣಂತನಕ್ಕೆ ಅದೇ ಪೆಟ್ಟಿಗೆಯೊಡನೆ ತವರಿಗೆ ಬಂದೆ. ಆಗ ಎರಡನೆಯ ಮಹಾಯುದ್ಧ ಶುರುವಾಗಿ ಕೆಲವು ತಿಂಗಳಾಗಿತ್ತು. ನಿಲ್ದಾಣಕ್ಕೆ ಅಪ್ಪ ಒಬ್ಬನೇ ಬಂದಿದ್ದ. ಅಣ್ಣ ಎಲ್ಲಿ ಎಂದರೆ "ಅಟ್ಟದ ಮ್ಯಾಲ" ಎಂದ.

ಅಟ್ಟದ ಬಾಗಿಲಿಗೆ ಹೊರಗಿನಿಂದ ಚಿಲಕವಿತ್ತು. ಒಳಗೆ ಇದ್ದವನನ್ನು ನಾನು ಗುರುತಿಸಲಿಲ್ಲ. ಕೂದಲು ಹೆಣೆದುಕೊಂಡು ಜಡೆಗಟ್ಟಿತ್ತು. ಅದು ದೇವರ ಜಡೆ, ಕತ್ತರಿ ಮುಟ್ಟಿಸಿದರೆ ಮನೆಗೆ ಕೇಡು ಎಂದು ವಾಡೆಯ ಹೆಂಗಸರು ಹಜಾಮನನ್ನು ಬಾಗಿಲಿಂದಲೇ ಕಳಿಸಿದ್ದರಂತೆ. ಉಗುರು ಬೆಳೆದು ಬಾಗಿದ್ದವು. ಎಲುಬಿಗೆ ಚರ್ಮ ಅಂಟಿತ್ತು. ಬಾಗಿಲ ಹೊರಗೆ ಹೂವು, ಊದುಬತ್ತಿ, ಒಣಗಿದ ತೆಂಗಿನಕಾಯಿಗಳ ಸಾಲು.

"ಅಣ್ಣ, ನಾ ಗಂಗೂ."

ಅವನು ನನ್ನ ಕಡೆ ನೋಡಲಿಲ್ಲ. ಬೆರಳುಗಳು ಮಾತ್ರ ಧೋತರದ ಚುಂಗನ್ನು ಹಿಡಿದು ಮಡಚುತ್ತಿದ್ದವು, ಬಿಚ್ಚುತ್ತಿದ್ದವು. ಅಂಚು ಮೇಲೆ ಬರುವ ಹಾಗೆ.

ಮಗಳು ಹುಟ್ಟಿದಳು. ಬಾಣಂತಿಯ ಕೋಣೆ ಅಟ್ಟದ ಕೆಳಗೇ ಇತ್ತು. ಮೇಲೆ ಅವನು ಅತ್ತಿಂದಿತ್ತ ನಡೆಯುವ ಸದ್ದು ಕೇಳುತ್ತ ಮಲಗಿರುತ್ತಿದ್ದೆ. ಅಪ್ಪನಿಗೆ ಚೀಟಿಯ ವಿಷಯ ಹೇಳಿದೆ. ಅಪ್ಪ ಅಟ್ಟದ ಕಡೆ ನೋಡಿದ.

"ಮೂರು ವರ್ಷ ಆತು, ಗಂಗೂ. ದೇವರಂತ ಕಾಲಿಗೆ ಬಿದ್ದ ಮಂದಿಗೆ ಈಗ ಏನಂತ ಹೇಳೂದು? ನಿಮ್ಮ ಅತ್ತಿಯವರಿಗೆ ಏನಂತ ಹೇಳೂದು? ನಿನ್ನ ಹೊಳ್ಳಿ ಕಳಿಸಿಬಿಟ್ರ?"

"ಸುಳ್ಳು ನಾ ಹೇಳಿದ್ದು, ಅಪ್ಪ."

"ನೀ ಹೇಳಿದಿ. ನಾವು ಅದನ್ನ ಮೂರು ವರ್ಷ ಸಾಕೀವಿ" ಎಂದು ಅಪ್ಪ ಎದ್ದುಹೋದ.

ತೊಟ್ಟಿಲು ಹಾಕುವ ದಿನ ಅತ್ತೆ, ಮನೆಯವರು ಸೊಲ್ಲಾಪುರದಿಂದ ಬಂದರು. ಅಂಗಳದಲ್ಲಿ ಚಾಪೆ ಹಾಸಿ, ವಾಡೆಯ ಹೆಂಗಸರೆಲ್ಲ ನೆರೆದರು. ನನ್ನ ಉಡಿ ತುಂಬಿದರು. ಖಣ ಇಡುವ ಹೊತ್ತಿಗೆ ಅತ್ತೆ, "ಮದಲ ಕೂಸಿನ್ನ ಮ್ಯಾಲ ಒಯ್ಯೋಣು. ಅವರ ಪಾದಕ್ಕ ಹಾಕಿ, ಅವರ ಬಾಯಿಂದ ಏನ ಬರತದ ಅದನ್ನ ಹೆಸರಿಡೋಣು" ಎಂದರು. ಕಾಕೂ ಆಗಲೇ ಏಣಿಮೆಟ್ಟಿಲ ಹತ್ತಿರ ಹೋಗಿದ್ದರು.

ಉಡಿಯಲ್ಲಿ ಅಕ್ಕಿ, ಕಾಯಿ ಇದ್ದುದರಿಂದ ನನಗೆ ಥಟ್ಟನೆ ಏಳಲಾಗಲಿಲ್ಲ. ಕುಳಿತಲ್ಲಿಂದಲೇ ಹೇಳಿದೆ. ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ.

"ಬ್ಯಾಡ್ರಿ. ನಮ್ಮಣ್ಣ ಅನುಷ್ಠಾನಕ್ಕ ಕುಂತಿಲ್ಲ. ಅವಗ ತಲೀ ಬ್ಯಾನಿ ಅದ. ಮದಲಿಂದನೂ ಅದ. ಅನುಷ್ಠಾನ ಅಂತ ಸುಳ್ಳು ಹೇಳಿದಾಕಿ ನಾ. ನನ್ನ ಮದುವಿ ಸಲುವಾಗಿ."

ಅತ್ತೆ ಕೂಸನ್ನು ನನ್ನ ಮಡಿಲಿಗೆ ಇಟ್ಟು, ತಮ್ಮ ಚೀಲ ತೆಗೆದುಕೊಂಡು, "ನಡಿ" ಎಂದು ಮಗನಿಗೆ ಹೇಳಿದರು. ಬಾಗಿಲಲ್ಲಿ ಒಮ್ಮೆ ತಿರುಗಿ, "ಹುಚ್ಚರ ಮನಿಗೆ ಬಂದು ಕಾಲಿಗೆ ಬಿದ್ದೆ ನಾ" ಎಂದರು. ಮನೆಯವರು ನನ್ನನ್ನೇ ನೋಡುತ್ತ ಹಿಂದೆ ಹಿಂದೆ ನಡೆದರು. ಅವರ ಮುಖದಲ್ಲಿ ಏನಿತ್ತೋ ನನಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಕೂಸನ್ನು ಅವ್ವನಿಗೆ ಕೊಟ್ಟು, ನಾನು, ಅಪ್ಪ, ಅಣ್ಣ ಟಾಂಗಾ ಹತ್ತಿದೆವು. ಅಣ್ಣನನ್ನು ಅಟ್ಟದಿಂದ ಇಳಿಸಲು ಬಹಳ ಹೊತ್ತು ಹಿಡಿದಿತ್ತು. "ಚೀಟಿ ತಂದೀನಿ, ಅಣ್ಣ. ಕ್ಯಾಂಪಿನ ಡಾಕ್ಟರ್ ಕೊಟ್ಟ ಚೀಟಿ" ಎಂದು ಅದನ್ನು ಅವನ ಕೈಯಲ್ಲಿ ಇಟ್ಟಾಗ ಅವನು ಕಾಗದವನ್ನು ಮೂಸಿ ನೋಡಿದ. ಆಮೇಲೆ ತಾನೇ ಮೆಟ್ಟಿಲು ಇಳಿದ.

ಬಂಡ್ ಗಾರ್ಡನ್ ಸೇತುವೆಯ ಈಚೆಗೇ ಟಾಂಗಾದವನು ಕುದುರೆ ನಿಲ್ಲಿಸಿದ. ಆಸ್ಪತ್ರೆಯ ಬಾಗಿಲ ತನಕ ಬಿಡು ಎಂದರೆ, "ಎಲ್ಲಾರೂ ಇಲ್ಲೇ ಇಳೀತಾರ, ಬಾಯಿ. ಯಾರರ ನೋಡ್ಯಾರು ಅಂತ. ನನಗೂ ರೂಢಿ ಆಗೇದ" ಎಂದು ಮರಾಠಿಯಲ್ಲಿ ಹೇಳಿದ. ನಾವೂ ಇಳಿದೆವು. ಅಪ್ಪ ಹೆಗಲ ಮೇಲಿನ ವಲ್ಲಿಯನ್ನು ತಲೆಯ ಮೇಲೆ ಎಳೆದುಕೊಂಡು ಇಪ್ಪತ್ತು ಹೆಜ್ಜೆ ಹಿಂದೆ ಉಳಿದ. ನಾನು ಅಣ್ಣನ ಕೈ ಹಿಡಿದು ನಡೆದೆ. ನಡುಸೇತುವೆಯಲ್ಲಿ ಅವನು ನಿಂತುಬಿಟ್ಟ. ಕೆಳಗೆ ನೀರಿನಲ್ಲಿ ಎಮ್ಮೆಗಳು ಬಿದ್ದುಕೊಂಡಿದ್ದವು. ಬೆಳಗಿನ ಬಿಸಿಲು ಎಷ್ಟು ಚೆನ್ನಾಗಿತ್ತೆಂದರೆ, ಇಂಥ ದಿನ ನಾವು ಚಿಕ್ಕವರಿದ್ದಾಗ ಇಲ್ಲಿಗೆ ಸುಮ್ಮನೆ ತಿರುಗಾಡಲು ಬಂದದ್ದು ನೆನಪಾಯಿತು.

"ಇಲ್ಲಿಂದನ ಹೊಳ್ಳಿದ್ದೆ" ಎಂದ. ಮೂರು ವರ್ಷದ ಮೇಲೆ ಅವನು ನನ್ನೊಡನೆ ಆಡಿದ ಮೊದಲ ಮಾತು.

ನಾನು ಕೈ ಬಿಡಲಿಲ್ಲ. ಹಿಂದಿನಿಂದ ಹೆಜ್ಜೆಯ ಸದ್ದು ಕೇಳಿತು. ಅಪ್ಪ ತಲೆಯ ವಲ್ಲಿ ತೆಗೆದು ಹೆಗಲಿಗೆ ಹಾಕಿಕೊಂಡು ಬಂದು, ಅಣ್ಣನ ಇನ್ನೊಂದು ಕೈ ಹಿಡಿದ. ಮೂವರೂ ದಾಟಿದೆವು.

ಆ ಆಸ್ಪತ್ರೆಯ ಕಾಯುವ ಕೋಣೆ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. ಗೋಡೆಗುಂಟ ಕೂಡಲು ಮರದ ಉದ್ದನೆಯ ಬಾಕು. ಹೆಂಗಸರೆಲ್ಲ ಸೆರಗನ್ನು ಮೂಗಿನ ತನಕ ಎಳೆದುಕೊಂಡಿದ್ದರು. ಒಬ್ಬ ಗೃಹಸ್ಥರು ಗುಮಾಸ್ತ ಹೆಸರು ಕೇಳಿದಾಗ ಒಂದು ಹೆಸರು ಹೇಳಿ, ಕರೆದಾಗ ಅದನ್ನೇ ಮರೆತು ಕುಳಿತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅಣ್ಣನ ವಯಸ್ಸಿನ ಹುಡುಗರೇ ಹೆಚ್ಚು. ಕೈಗೆ ಹಗ್ಗದ ಗುರುತು ಇದ್ದವರು, ಕೊರಳ ತುಂಬ ತಾಯತ ಇದ್ದವರು. ಇವರೆಲ್ಲ ಎಷ್ಟು ಮನೆಯ ಅಟ್ಟಗಳಿಂದ ಇಳಿದು ಬಂದಿರಬಹುದು ಎನಿಸಿತು.

ಅಲ್ಲಿ ಒಬ್ಬ ದಾದಿ ಇದ್ದಳು, ಬೆಳಗಾವಿ ಕಡೆಯವಳು. ನಮ್ಮ ಮಾತು ಕೇಳಿ ಹತ್ತಿರ ಬಂದು, "ಕನ್ನಡದವರೇನ್ರಿ? ಊಟಾ ಆಗೇದೇನ್ರಿ ಅಣ್ಣಾರದು?" ಎಂದಳು. ಅಣ್ಣಾರು ಎಂದಳು. ಅಷ್ಟಕ್ಕೇ ನನ್ನ ಕಣ್ಣಲ್ಲಿ ನೀರು ಬಂತು. ಕೂದಲು ತೆಗೆಯುವ ಹಜಾಮ ಅಣ್ಣನ ಮುಂದೆ ಕುಕ್ಕರಗಾಲಲ್ಲಿ ಕುಳಿತು, "ತೆಗೆಯಲೇನು, ಭಾವೂ? ನೀವು ಹೂಂ ಅಂದರೆ ಮಾತ್ರ" ಎಂದು ಕೇಳಿದ. ಅಣ್ಣ ತಾನೇ ತಲೆ ಬಗ್ಗಿಸಿದ.

ಡಾಕ್ಟರು ಚೀಟಿಯ ಮೇಲಿನ ತಾರೀಖು ನೋಡಿದರು. "ಇದು ಮೂರು ವರ್ಷ ಎಲ್ಲಿತ್ತು?"

"ನನ್ನ ಪೆಟ್ಟಿಗೆಯಲ್ಲಿ" ಎಂದೆ.

ಬೈಯಲಿ ಎಂದು ಕಾದೆ. ಅವರು ಕನ್ನಡಕ ತೆಗೆದು ಒರೆಸಿದರು. "ತಾನಾಗಿ ಬರುವ ಹುಡುಗರನ್ನು ನಾನು ಕಂಡದ್ದೇ ಕಡಿಮೆ. ಇವನು ತಾನೇ ಕೇಳಿಕೊಂಡು ಬಂದಿದ್ದನೆಂದು ಇದರಲ್ಲಿ ಬರೆದಿದೆ" ಎಂದರು.

"ಆಗಲೇ ಬಂದಿದ್ದರೆ ಗುಣವಾಗುತ್ತಿತ್ತೇನ್ರಿ?"

"ಅದು ನನಗೂ ಗೊತ್ತಿಲ್ಲ. ಆದರೆ ಮೂರು ವರ್ಷ ಒಬ್ಬನೇ ಇರುತ್ತಿರಲಿಲ್ಲ."

ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಈಗ ಬರೆದೆ.

ಆ ಸಂಜೆ ಕಾಕೂ ಬರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಮನೆ ಖಾಲಿ ಮಾಡಿಸಲು ಬಂದಿರಬೇಕು ಎಂದು ಅವ್ವ ಎದ್ದು ನಿಂತಳು. ಕಾಕೂ ಬಾಗಿಲು ಮುಂದೆ ಮಾಡಿ, ತಗ್ಗಿದ ದನಿಯಲ್ಲಿ ಕೇಳಿದರು: "ಗಂಗೂ, ಅಲ್ಲಿ ಬಾಗಿಲಲ್ಲಿ ಏನೇನು ಕೇಳುತ್ತಾರೆ? ಜಾತಿ, ಹೆಸರು ಎಲ್ಲ ಬರೆದುಕೊಳ್ಳುತ್ತಾರೆಯೇ?" ಅವರ ತಂಗಿಯ ಮಗ ಎರಡು ವರ್ಷದಿಂದ ಒಂದು ಕೋಣೆಯಲ್ಲಿದ್ದ. ಕಾಶಿಗೆ ಓದಲು ಹೋಗಿದ್ದಾನೆ ಎಂದು ಅವರು ಎಲ್ಲರಿಗೂ ಹೇಳಿದ್ದರು. ನಮಗೂ ಹೇಳಿದ್ದರು. ಅವನ ಓದು ಹೇಗೆ ನಡೆದಿದೆ ಎಂದು ನಾನೇ ಎಷ್ಟು ಸಲ ಕೇಳಿದ್ದೆ! ನಾವಿಬ್ಬರೂ ಒಂದೇ ನಳದ ನೀರು ಹಿಡಿಯುತ್ತ, ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು ಬದುಕಿದ್ದೆವು. ಆ ಹುಡುಗನನ್ನು ಕರೆದೊಯ್ಯುವ ದಿನ ಅವರೊಡನೆ ನಾನೂ ಸೇತುವೆ ದಾಟಿದೆ.

ಅಣ್ಣ ಹದಿನಾಲ್ಕು ತಿಂಗಳು ಆಸ್ಪತ್ರೆಯಲ್ಲಿದ್ದ. ವಾರಕ್ಕೊಮ್ಮೆ ಹೋಗುತ್ತಿದ್ದೆ. ಒಳ್ಳೆಯ ವಾರ ಇರುತ್ತಿತ್ತು, ನನ್ನನ್ನು ನೋಡಿ ಗೋಡೆಗೆ ತಿರುಗುವ ವಾರವೂ ಇರುತ್ತಿತ್ತು. ಅಲ್ಲಿನ ತೋಟದಲ್ಲಿ ಅವನು ಬದನೆ ಸಸಿಗೆ ನೀರು ಹಾಕುತ್ತಿದ್ದ. ಒಂದು ಸಲ ಕಿಟಕಿಯ ಹತ್ತಿರ ನನಗೆ ಎರಡು ಬದನೆಕಾಯಿ ಕೊಟ್ಟು, "ಎಣಗಾಯಿ ಮಾಡಿ ತಾ" ಎಂದ. ಅಷ್ಟು ಸಂತೋಷದಿಂದ ನಾನು ಯಾವ ಹಬ್ಬದ ಅಡಿಗೆಯನ್ನೂ ಮಾಡಿಲ್ಲ.

ಸೊಲ್ಲಾಪುರದಿಂದ ಕರೆ ಬರಲಿಲ್ಲ. ಕೂಸು ತೊದಲು ಮಾತಾಡುವ ಹೊತ್ತಿಗೆ ಒಂದು ದಿನ ಮನೆಯವರು ತಾವೇ ಒಂದು ಟ್ರಂಕು ಹೊತ್ತುಕೊಂಡು ವಾಡೆಯ ಬಾಗಿಲಲ್ಲಿ ನಿಂತಿದ್ದರು. ಪುಣೆಯಲ್ಲಿ ಗುಮಾಸ್ತಿಕೆ ಹುಡುಕಿಕೊಂಡಿದ್ದರು. "ಅವ್ವನ ಸಿಟ್ಟು ಇಳಿಯೂದು ತಡ ಆಗತದ. ಇಳೀತದ" ಎಂದರು. ನಾನು ಅಳುತ್ತ ಏನೋ ಹೇಳಹೋದರೆ, "ನಾ ಮದುವಿ ಆಗಿದ್ದು ನಿನ್ನ. ನಿಮ್ಮಣ್ಣನ ಅನುಷ್ಠಾನನ್ನ ಅಲ್ಲ" ಎಂದರು. ಅತ್ತೆಯ ಸಿಟ್ಟು ಪೂರ್ತಿ ಇಳಿದಿಲ್ಲ. ದೀಪಾವಳಿಗೆ ಮೊಮ್ಮಗಳಿಗೆ ಮಾತ್ರ ಉಡಲು ಒಂದು ಪರಕಾರ ಕಳಿಸುತ್ತಾರೆ.

ಈಗ ಅಣ್ಣ ಮನೆಗೆ ಬಂದು ಆರು ವರ್ಷವಾಯಿತು. ಪೂರ್ತಿ ಗುಣವಾಗಿದ್ದಾನೆ ಎಂದರೆ ಮತ್ತೊಂದು ಸುಳ್ಳಾಗುತ್ತದೆ. ಎರಡು ಸಲ ಮತ್ತೆ ಆಸ್ಪತ್ರೆಗೆ ಹೋಗಿ ಬಂದ. ಎರಡು ಸಲವೂ ತಾನೇ, "ಗಂಗೂ, ಹೋಗೋಣು" 
ಎಂದ. ಟಾಂಗಾ ಬಾಗಿಲ ತನಕ ಹೋಯಿತು. ಗಿರಾಕಿಗಳೊಡನೆ ಮೊದಲಿನಂತೆ ಚೇಷ್ಟೆ ಮಾಡುವುದಿಲ್ಲ. ಅಂಗಡಿಯ ಒಳಮೂಲೆಯಲ್ಲಿ ಕುಳಿತು ಖಣ ಮಡಚುತ್ತಾನೆ. ನಾನು ಮೂರು ಮಡಚುವಷ್ಟರಲ್ಲಿ ಅವನು ಮೂರು ಮಡಚುತ್ತಾನೆ. ನಡುನಡುವೆ ಕೈ ನಿಲ್ಲಿಸಿ ಕೇಳುತ್ತಾನೆ, "ಮಗ್ಗದ ಸದ್ದು ಕೇಳಸ್ತದೇನು?" ಈಗ ನಾನು ಖರೆ ಹೇಳುತ್ತೇನೆ, "ಇಲ್ಲಣ್ಣ." "ಹಂಗಾರ ಅದು ಬ್ಯಾನಿ" ಎಂದು ಅವನು ಮತ್ತೆ ಕೆಲಸಕ್ಕೆ ತೊಡಗುತ್ತಾನೆ. ಡಾಕ್ಟರು ಹೇಳಿಕೊಟ್ಟದ್ದಲ್ಲ ಇದು, ನಾವಿಬ್ಬರೇ ಮಾಡಿಕೊಂಡದ್ದು.

ಮೊನ್ನೆ, ಶ್ರಾವಣದ ಗಿರಾಕಿ ಮುಗಿದ ಒಂದು ಮಧ್ಯಾಹ್ನ, ಅವನ ಮನಸ್ಸು ತಿಳಿಯಾಗಿತ್ತು. ಇಷ್ಟು ವರ್ಷ ಕೇಳದೆ ಇದ್ದುದನ್ನು ಕೇಳಿದೆ. "ಅಣ್ಣ, ಸೊಲ್ಲಾಪುರದವರು ಬಂದ ದಿನ ನೀ ಏನೋ ಹೇಳಾಕ ಬಾಯಿ ತಗದಿದ್ದಿ. ನನ್ನ ಸಲುವಾಗಿ ಸುಮ್ಮನಾದಿ ಅಲ್ಲೇನು?"

ಅವನು ಮಡಚುತ್ತಿದ್ದ ಖಣದ ತುದಿಯನ್ನು ಒಳಗೆ ಸಿಕ್ಕಿಸಿ, ನನ್ನ ಕಡೆ ತಿರುಗಿದ.

"ನಿನ್ನ ಸಲುವಾಗಿ ಅಲ್ಲ, ಗಂಗೂ. ನಾ ಹೇಳಿದ್ರ ಯಾರು ನಂಬತಿದ್ರು? ಹುಚ್ಚನ ಮಾತು ಅಂತಿದ್ರು, ಇಲ್ಲಂದ್ರ ದೇವರ ಮಾತು ಅಂತಿದ್ರು. ನೀ ನನ್ನ ಕಡೆ ನೋಡಿದಿ. ನೀ ಹೇಳತಿ ಅಂತ ಕಾದೆ."

ಅವನ ದನಿಯಲ್ಲಿ ದೂರಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದ, ಅಷ್ಟೇ. ಹೊರಗೆ ಯಾವಳೋ ಪೇರಲಹಣ್ಣು ಕೂಗುತ್ತ ಹೋದಳು. ಅಣ್ಣ ತಲೆ ಓರೆ ಮಾಡಿ ಸ್ವಲ್ಪ ಹೊತ್ತು ಆಲಿಸಿದ.

"ಹಣ್ಣಿನಾಕಿ ದನಿ, ಕೇಳಸ್ತೇನು?"

"ಕೇಳಸ್ತಣ್ಣ. ಅದು ಖರೇ ಅದ."

"ಹಂಗಾರ ಒಂದ ತಗೊಂಡ ಬಾ" ಎಂದ. "ಅರ್ಧಾ ನಿನಗ."